ಕಾಂಚನಾ ಮುಚ್ಚಿದ ಕಿಂಡಿ

ವಿಠ್ಠಲವಾಡಿಯ ಎರಡನೇ ಮಹಡಿಯ ಅಡುಗೆಮನೆ. ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಕಟ್ಟೆಯ ಮೇಲೆ ಒಂದು ಕಡೆ ಚಹಾ ಕುದಿಯುತ್ತಿದೆ, ಇನ್ನೊಂದು ಕಡೆ ಲ್ಯಾಪ್‌ಟಾಪ್ ತೆರೆದಿದೆ. ಕಾಂಚನಾ ಫೋನ್ ಕಿವಿಗೆ ಹಿಡಿದು ನಿಂತಿದ್ದಾರೆ. ಆ ಕಡೆ ರಿಂಗ್ ಆಗುತ್ತಲೇ ಇದೆ.

“ಎತ್ರಿ ಪೂವಪ್ಪಣ್ಣ, ಫೋನ್ ಎತ್ರಿ!”

ಇವರ ಬಗ್ಗೆ ಬರೆಯಲು ಹೊರಟ ನನ್ನನ್ನು, ಯಾಕೆಂದು ಹೇಳದೆ ಬೆಳಿಗ್ಗೆ ಬೇಗ ಬರಹೇಳಿದವರು ಇವರೇ. ಈಗ ಮಾತಾಡಿಸಲು ನನಗೇ ಭಯ.

ಮಹಾಪೆಯ ಕಚೇರಿಯೊಂದರಲ್ಲಿ ನೌಕರಿ ಮಾಡುವ ಕಾಂಚನಾ, ಬಿಡುವಿನಲ್ಲಿ ಸಂಬಳವಿಲ್ಲದ, ಯಾರ ಕಣ್ಣಿಗೂ ಬೀಳದ ಇನ್ನೊಂದು ಕೆಲಸ ಮಾಡುತ್ತಾರೆ. ವೆಬ್‌ಸೈಟ್ ಕಟ್ಟುವವರು ಬುನಾದಿಯಾಗಿ ಬಳಸುವ ಉಚಿತ ಫ್ರೇಮ್‌ವರ್ಕ್ ಒಂದಿದೆ. ಅದನ್ನು ದುರಸ್ತಿ ಮಾಡುವ ಸ್ವಯಂಸೇವಕರಲ್ಲಿ ಇವರೂ ಒಬ್ಬರು. ಅದರ ಮೇಲೆ ನಿಂತ ಸೈಟುಗಳು ಎಷ್ಟೋ ಇವೆ. ಅವುಗಳಲ್ಲೊಂದು, ಡೊಂಬಿವಲಿಯ ಕನ್ನಡ ಬಳಗದ ವಧು-ವರರ ಸೈಟು, ಇವರೇ ಕಟ್ಟಿಕೊಟ್ಟದ್ದು.

ಫ್ರೇಮ್‌ವರ್ಕಿನಲ್ಲಿ ಕಳ್ಳರು ನುಸುಳಬಹುದಾದ ಕಿಂಡಿಯೊಂದು ಸಿಕ್ಕಿದ್ದೂ ಅಲ್ಲೇ. ಸಂಬಂಧ ನೋಡುವಾಗ ಕರಾವಳಿಯವರು ತಾಯಿಯ ಕಡೆಯ ಕುಲವಾದ ‘ಬರಿ’ ಕೇಳುತ್ತಾರೆ, ಉತ್ತರ ಕರ್ನಾಟಕದ ಕೆಲವರು ಮನೆತನದ ‘ಬೆಡಗು’, ಇನ್ನು ಕೆಲವರು ಗೋತ್ರ. ಎಲ್ಲರ ಮನಸ್ಸು ಕಾಯಲು ಹೋದ ಕಾಂಚನಾ, ಹೆಸರುಗಳನ್ನು ಯಾವುದರ ಪ್ರಕಾರ ಜೋಡಿಸಬೇಕೆಂದು ಸೈಟಿಗೆ ಬಂದವರೇ ಬರೆಯಲಿ ಎಂದು ಬಿಟ್ಟರು. ಬರೆದದ್ದನ್ನು ಫ್ರೇಮ್‌ವರ್ಕ್ ಸೋಸಿ ಕಳಿಸುತ್ತದೆ ಎಂಬ ನಂಬಿಕೆ. ಅದು ಸೋಸುತ್ತಿರಲಿಲ್ಲ. ಆ ಜಾಗದಲ್ಲಿ ಯಾರಾದರೂ ಆದೇಶವೊಂದನ್ನು ಬರೆದರೆ ಡೇಟಾಬೇಸ್ ಅದನ್ನೂ ಪಾಲಿಸಿ, ಮುಚ್ಚಿಟ್ಟದ್ದನ್ನೆಲ್ಲ ಹೊರಗೆ ಸುರಿಯುತ್ತಿತ್ತು.

“ಸುಮ್ನ ಪರೀಕ್ಷಾ ಮಾಡಿದ್ನಿರಿ. ಅನುಷ್ಕಾನ ಅಡ್ರೆಸ್ ಬಂದು ನಿಂತಿತು ಸ್ಕ್ರೀನ್ ಮ್ಯಾಲೆ.”

ಅನುಷ್ಕಾ ಎಂದರೆ ಕಾಂಚನಾರ ಅಣ್ಣನ ಮಗಳು. ಹೆಸರು ಬದಲಿಸಿದ್ದೇನೆ, ಎಲ್ಲಿದ್ದಾಳೆಂದು ಬರೆಯುವುದಿಲ್ಲ. ಬೆನ್ನುಬಿದ್ದವನೊಬ್ಬನ ಕಾಟಕ್ಕೆ ಮನೆ ಬದಲಿಸಿದ ಹುಡುಗಿ. ವಿಳಾಸ ಯಾರಿಗೂ ಕಾಣುವುದಿಲ್ಲ ಎಂದು ಸೋದರತ್ತೆ ಮಾತು ಕೊಟ್ಟ ಮೇಲೆಯೇ ಸೈಟಿಗೆ ಹೆಸರು ಕೊಟ್ಟಳು. ಕೊಟ್ಟಳು ಅಷ್ಟೇ, ಒಬ್ಬ ಹುಡುಗನ ಫೋಟೋವನ್ನೂ ತೆರೆದು ನೋಡಿರಲಿಲ್ಲ.

ದುರಸ್ತಿಯನ್ನು ಕಾಂಚನಾ ಆಗಲೇ ಬರೆದುಕೊಟ್ಟಿದ್ದರು. ಆದರೆ ಅದು ಎಲ್ಲರಿಗೂ ಬಿಡುಗಡೆಯಾಗುವ ತನಕ ಬಾಯಿ ಬಿಡುವಂತಿಲ್ಲ, ತಮ್ಮ ಸೈಟನ್ನೂ ಮುಟ್ಟುವಂತಿಲ್ಲ. ಒಬ್ಬರು ಮೊದಲೇ ಬೀಗ ಹಾಕಿಕೊಂಡರೆ ಕಳ್ಳರಿಗೆ ಸುಳಿವು ಸಿಕ್ಕುತ್ತದೆ ಎಂಬುದು ಈ ಕೆಲಸದವರ ಕಟ್ಟುಪಾಡು. ಅಷ್ಟು ದಿನ ಕಾದರು. ಈಗ ತಾನೇ ಬಿಡುಗಡೆಯಾಗಿದೆ. ದುರಸ್ತಿಯನ್ನು ಓದಿದವರಿಗೆಲ್ಲ ಕಿಂಡಿ ಎಲ್ಲಿತ್ತೆಂದು ಗೊತ್ತಾಗುತ್ತದೆ, ಅದನ್ನು ಹಾಕಿಕೊಳ್ಳದ ಸೈಟಿಗೆ ಕಳ್ಳರು ನುಗ್ಗಬಹುದು.

ಸೈಟಿನ ಪಾಸ್‌ವರ್ಡ್ ಮಾತ್ರ ಕಾಂಚನಾ ಬಳಿ ಇಲ್ಲ. ಹೆಣ್ಣುಮಕ್ಕಳ ವಿಳಾಸ ಸೈಟು ಕಟ್ಟಿದವರ ಕೈಯಲ್ಲೇ ಇರಬಾರದೆಂದು ಬಳಗ ಅದನ್ನು ಕಾರ್ಯದರ್ಶಿಗೆ ಒಪ್ಪಿಸಿದೆ. ಕಾರ್ಯದರ್ಶಿ ಪೂವಪ್ಪನವರಿಗೆ ಕೋಪರಖೈರಣೆಯಲ್ಲಿ ಹೋಟೆಲು. ಬೆಳಿಗ್ಗೆ ಫೋನ್ ಕೈಯಲ್ಲೇ ಇಟ್ಟುಕೊಳ್ಳಿ ಎಂದು ಕಾಂಚನಾ ಅವರಿಗೆ ನಿನ್ನೆಯೇ ಹೇಳಿದ್ದರಂತೆ.

ಮತ್ತೆ ರಿಂಗ್. ಉತ್ತರವಿಲ್ಲ. ಕಾಂಚನಾ ಕೀಬೋರ್ಡ್ ಮೇಲೆ ಬೆರಳಿಡುತ್ತಾರೆ.

“ಆ ಕಿಂಡಿಯಿಂದನ ನಾನು ಒಳಗ ಹೋಗಿ ಬಂದ್ ಮಾಡಿಬಿಡ್ತೀನಿ.”

ಚಹಾ ಸೋಸುತ್ತಿದ್ದ ತಾಯಿ ಕಾಶವ್ವ ತಿರುಗುತ್ತಾರೆ. “ಮಂದಿ ಮನಿಗೆ ಕಿಡಕಿಯಿಂದ ಹೊಕ್ತೀಯೇನ? ಅವನ ಹೇಂತಿಗೆ ಹಚ್ಚು ಫೋನು.”

ಬೆರಳು ಹಿಂದೆ ಸರಿಯುತ್ತದೆ. ಪೂವಪ್ಪನವರ ಹೆಂಡತಿ ವಸಂತಿ ತಕ್ಷಣ ಎತ್ತುತ್ತಾರೆ. “ಅವರು ದುಡ್ಡಿನ ಗಲ್ಲೆಯಲ್ಲಿದ್ದಾರೆ, ಫೋನ್ ಒಳಗೆ ಚಾರ್ಜಿಗೆ ಇಟ್ಟಿದ್ದಾರೆ. ನಿಲ್ಲಿ, ಕೊಡ್ತೇನೆ.”

“ಎಂತ ಮಾರಾಯ್ತಿ, ಇಡ್ಲಿ ಹೋಗುವ ಹೊತ್ತಲ್ವಾ ಇದು?” ಪೂವಪ್ಪನವರ ದನಿ.

“ಅಣ್ಣಾ, ಬೈರಿ ಆಮ್ಯಾಲೆ. ಪಾಸ್‌ವರ್ಡ್ ಹೇಳ್ರಿ, ನಿಮ್ಮ ಫೋನ್ ತರಸ್ರಿ, ಓಟಿಪಿ ಬರತೈತಿ, ಅದನ್ನೂ ಓದ್ರಿ.”

ಓಟಿಪಿ ಓದುವಾಗ ಅವರು ಗಿರಾಕಿಗೆ ಚಿಲ್ಲರೆಯನ್ನೂ ಕೊಡುತ್ತಿರುವುದು ಕೇಳಿಸುತ್ತದೆ. ಸೈಟು ಬಂದ್ ಆಗುತ್ತದೆ. ಹೊಸ ದುರಸ್ತಿ ಒಳಗೆ ಹೋಗಿ ಕೂರುತ್ತದೆ. ಸೈಟು ಮತ್ತೆ ತೆರೆಯುತ್ತದೆ.

ಕಾಂಚನಾ ಕುಳಿತುಕೊಳ್ಳುವುದಿಲ್ಲ. ಸೈಟಿಗೆ ಬಂದುಹೋದವರ ಗುರುತುಗಳನ್ನು ಒಂದೊಂದೇ ನೋಡುತ್ತಾರೆ. ಒಂದು ಸಾಲಿನ ಮೇಲೆ ಬೆರಳು ನಿಲ್ಲುತ್ತದೆ.

“ಬಂದಾರ ನೋಡ್ರಿ ಯಾರೋ. ಈಗಷ್ಟೇ, ನಾವು ಮುಚ್ಚಿದ ಮ್ಯಾಲೆ. ಆ ಕಿಂಡಿ ಬಡದು ಬಡದು ಹೋಗ್ಯಾರ.”

ಅಷ್ಟರಲ್ಲಿ ಫೋನ್ ಬಡಿದುಕೊಳ್ಳುತ್ತದೆ. ಅನುಷ್ಕಾ.

“ಆತ್ಯಾ, ಸೈಟ್ ಕಾ ಬಂದ್ ಹೋತೀ? ಮೀ ಏಕಾ ಮುಲಾಚಾ ಫೋಟೋ ಬಘತ್ ಹೋತೇ!”

ಒಬ್ಬ ಹುಡುಗನ ಫೋಟೋ ನೋಡುವಾಗ ಸೈಟು ಯಾಕೆ ಬಂದಾಯಿತೆಂದು ಹುಡುಗಿಗೆ ಮರಾಠಿಯಲ್ಲೇ ಸಿಟ್ಟು. “ಈಗ ನೋಡವ್ವಾ, ಚಾಲೂ ಆಗೇತಿ” ಎಂದು ಸೋದರತ್ತೆ ಫೋನ್ ಇಡುತ್ತಾರೆ. ಆರಿದ ಚಹಾ ಎತ್ತಿಕೊಂಡು ಈಗ ಕುಳಿತುಕೊಳ್ಳುತ್ತಾರೆ.

ಇಷ್ಟು ಮಾಡಿದ್ದಕ್ಕೆ ಬೈಗುಳವೇ ಎಂದು ಕೇಳುತ್ತೇನೆ.

“ಬೈಲಿ ಬಿಡ್ರಿ,” ಎಂದು ನಗುತ್ತಾರೆ. “ಇವತ್ತ ಮೊದಲ ಸಲ ಒಬ್ಬ ಹುಡುಗನ ಫೋಟೋ ತಗದು ನೋಡ್ಯಾಳ.”