ಗೋಡೆಯ ಮೇಲೆ ಹರಿದ ಹಸಿರು

ಎಂಬತ್ತರ ದಶಕದ ಕೊನೆಯಲ್ಲಿ ನಾನು ಕಲಬುರಗಿಯಲ್ಲಿ ಎಂ.ಎಸ್ಸಿ. ಓದುವಾಗ, ನಮ್ಮ ಸಸ್ಯಶಾಸ್ತ್ರ ವಿಭಾಗದಲ್ಲಿ ಸರಿಯಾಗಿ ಕಾಣಿಸುವ ಸೂಕ್ಷ್ಮದರ್ಶಕ ಇದ್ದದ್ದು ಒಂದೇ. ನಾವು ಸಾಲಾಗಿ ನಿಂತು ಒಬ್ಬೊಬ್ಬರೇ ಕಣ್ಣಿಡಬೇಕಿತ್ತು. ನಮ್ಮ ಪ್ರೊಫೆಸರರು ಪಕ್ಕದಲ್ಲೇ ನಿಂತಿರುತ್ತಿದ್ದರು.

“ಕಾಣಸ್ತೇನವಾ?”

“ಹೂಂ ರೀ ಸರ್.”

“ಏನ್ ಕಾಣಸ್ತು?”

“ಜೀವಕೋಶ ರೀ.”

ನಾನು ನಿಜವಾಗಿ ಕಂಡದ್ದು ದಪ್ಪ ಕಪ್ಪು ಅಂಚಿನ ಒಂದು ಗುಂಡು. ಅದು ಗಾಜಿನಡಿ ಸಿಕ್ಕ ಗಾಳಿಗುಳ್ಳೆ ಎಂದು ತಿಳಿದದ್ದು ಎಷ್ಟೋ ದಿನಗಳ ಮೇಲೆ. ರೆಕಾರ್ಡಿಗೆ ಪುಸ್ತಕದ ಚಿತ್ರವನ್ನೇ ಇಳಿಸಿದ್ದೆ. ಅವರು ಮೆಚ್ಚಿ ಸಹಿ ಹಾಕಿದ್ದರು.

ಮುಂದೆ ಅದೇ ವಿಭಾಗಕ್ಕೆ ನಾನು ಪಾಠ ಹೇಳಲು ಸೇರಿದೆ. ಎರಡು ಸಾವಿರದ ಇಸವಿ ದಾಟಿದ ಮೇಲೆ ಸೂಕ್ಷ್ಮದರ್ಶಕಕ್ಕೆ ಜೋಡಿಸುವ ಒಂದು ಕ್ಯಾಮೆರಾ ಬಂತು. ಅದರ ವೈರು ಕಂಪ್ಯೂಟರಿಗೆ, ಕಂಪ್ಯೂಟರಿನದು ಪ್ರೊಜೆಕ್ಟರಿಗೆ. ಸೂಪರ್ ಮಾರ್ಕೆಟ್ ಎಂಬ ಪೇಟೆಯ ಬಟ್ಟೆ ಅಂಗಡಿಯೊಂದರ ಮೇಲಿನ ಕ್ಲಾಸಿನಲ್ಲಿ ನಾನು ಮೂರು ತಿಂಗಳು ಕಂಪ್ಯೂಟರ್ ಕಲಿತಿದ್ದೆ, ಹಾಗಾಗಿ ಆ ಪೆಟ್ಟಿಗೆಗಳು ನನ್ನ ಪಾಲಿಗೆ ಬಂದವು. ನಿವೃತ್ತಿಗೆ ಹತ್ತಿರವಾಗಿದ್ದ ಪ್ರೊಫೆಸರರು, “ನೀನೇ ನೋಡವಾ, ನನಗ ಚಾಕ್‌ಪೀಸ್ ಸಾಕು” ಎಂದು ದೂರ ಉಳಿದರು.

ಒಂದು ಭಾನುವಾರ ಹತ್ತಿರದ ಕಮಲಾಪುರದ ನಮ್ಮ ಮನೆಗೆ ಹೋದಾಗ, ಬಾಳೆತೋಟದ ಬಾವಿಯಲ್ಲಿ ಮುಳುಗಿಯೇ ಬೆಳೆಯುವ ಹೈಡ್ರಿಲ್ಲಾ ಎಂಬ ಸಸ್ಯವನ್ನು ನೀರಿನ ಸಮೇತ ಡಬ್ಬಿಗೆ ತುಂಬಿಕೊಂಡೆ. ಮರುದಿನ ಬಸ್ಸಿನಲ್ಲಿ ಪಕ್ಕದ ಹೆಂಗಸು ಇಣುಕಿ ನೋಡಿ, “ಇದ್ಯಾವ ಪಲ್ಯರೀ ಅಕ್ಕಾರ?” ಎಂದಳು. “ಹುಡುಗರಿಗೆ ತೋರಸೋದದರಿ” ಎಂದೆ. ಅವಳಿಗೆ ಅರ್ಥವಾಗಲಿಲ್ಲ. ಏನು ತೋರಿಸಬಲ್ಲೆನೆಂದು ನನಗೂ ಖಾತ್ರಿ ಇರಲಿಲ್ಲ.

ತರಗತಿಯ ಕಿಟಕಿಗಳಿಗೆ ಚಾದರ ಕಟ್ಟಿ, ಒಂದು ಎಲೆಯನ್ನು ಗಾಜಿನ ಮೇಲಿಟ್ಟು, ದೀಪ ಸರಿಪಡಿಸಿದೆ. ಸುಣ್ಣದ ಗೋಡೆಯ ಮೇಲೆ ಮಬ್ಬು ಹಸಿರು ಕಾಣಿಸಿತು. ಮೆಲ್ಲಗೆ ತಿರುಪು ತಿರುಗಿಸಿದೆ. ಇಟ್ಟಿಗೆ ಜೋಡಿಸಿದಂತೆ ಜೀವಕೋಶಗಳು ಸ್ಪಷ್ಟವಾದವು. ಒಂದೊಂದರ ಒಳಗೂ ಅಂಚು ಹಿಡಿದು ಹಸಿರು ಕಣಗಳು ಒಂದರ ಹಿಂದೊಂದು ಹರಿಯುತ್ತಿದ್ದವು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಕೇಳಿದಳು:

“ಮೇಡಮ್, ಇದು ಈಗ ನಡದದೇನ್ರಿ? ಈ ಎಲೀ ಒಳಗ?”

“ಈಗಲೇ” ಎಂದೆ.

ಪ್ರೊಫೆಸರರು ಯಾವಾಗ ಬಾಗಿಲಲ್ಲಿ ಬಂದು ನಿಂತಿದ್ದರೋ. ಗೋಡೆಯ ಹತ್ತಿರ ನಡೆದು ಬಂದರು. ಅವರ ಬಿಳಿ ಅಂಗಿಯ ಬೆನ್ನ ಮೇಲೆ ಹಸಿರು ಹರಿಯತೊಡಗಿತು. ಒಂದು ಕಣವನ್ನು ಬೆರಳಿನಿಂದ ಹಿಂಬಾಲಿಸುತ್ತಾ ಕೋಶದ ಸುತ್ತ ಒಂದು ಸುತ್ತು ಬಂದರು. ಆಮೇಲೆ ನಮ್ಮ ಕಡೆ ತಿರುಗಿದರು.

“ಇಷ್ಟು ವರ್ಷ ಆ ಸೂಕ್ಷ್ಮದರ್ಶಕದ ಕೊಳವಿಯೊಳಗ ಮಂದಿ ಏನ್ ನೋಡಾಕತ್ತಾರಂತ ನನಗ ಗೊತ್ತಾಗ್ತಿರಲಿಲ್ಲ. ಕಾಣಸ್ತೇನ ಅಂತಿದ್ದೆ, ಹೂಂ ಅಂತಿದ್ರು.”

ನಾನು ಆಗ ನನ್ನ ಗಾಳಿಗುಳ್ಳೆಯ ಕಥೆಯನ್ನು ತರಗತಿಯ ಮುಂದೆಯೇ ಹೇಳಿಬಿಟ್ಟೆ. ಅವರು ನಕ್ಕರು. “ನಿನ್ನ ಚಿತ್ರ ಭಾಳ ಛಲೋ ಇತ್ತು. ಆಗಲೇ ಸಂಶಯ ಬರಬೇಕಿತ್ತು ನನಗ.”

ಅಷ್ಟರಲ್ಲಿ ಗೋಡೆಯ ಒಂದು ಮೂಲೆಯಿಂದ ಪಾರದರ್ಶಕ ಮೈಯ ಏನೋ ಒಂದು ಜೀವಿ ತೇಲಿ ಬಂದು, ಎಲೆಯ ಅಂಚನ್ನು ಮೂಸಿದಂತೆ ಮಾಡಿತು. ಎಲ್ಲರೂ ಅವರ ಮುಖ ನೋಡಿದರು.

“ಇದೇನಂತ ನನಗ ಗೊತ್ತಿಲ್ಲ” ಎಂದರು. ಅವರ ಬಾಯಲ್ಲಿ ಆ ಮಾತು ನಾನು ಹಿಂದೆಂದೂ ಕೇಳಿರಲಿಲ್ಲ. “ಚಿತ್ರ ಹಿಡಿದಿಡು. ಪ್ರಾಣಿಶಾಸ್ತ್ರದವರನ್ನ ಕೇಳೋಣು, ನಡೀರಿ.”

ಚಿತ್ರ ಮುದ್ರಿಸಿಕೊಂಡು ಇಡೀ ತರಗತಿ ಬಿಸಿಲಿನಲ್ಲಿ ಆ ವಿಭಾಗದ ಕಡೆ ಹೊರಟಿತು. ಕಾಗದ ಹಿಡಿದು ಎಲ್ಲರಿಗಿಂತ ಮುಂದೆ, ಹುಡುಗರು ಓಡಬೇಕಾಗುವಷ್ಟು ಬಿರುಸಾಗಿ, ಪ್ರೊಫೆಸರರು ನಡೆಯುತ್ತಿದ್ದರು.