ಹುಳುಮನೆಯ ವಿಮಾನ

ನಿನ್ನೆ ಅಮ್ಮನ ಜೊತೆ ಮಂಚ ಕೊಳ್ಳಲು ಕೊಳ್ಳೇಗಾಲಕ್ಕೆ ಹೋಗಿದ್ದೆ. ಅಂಗಡಿಯ ವಾರ್ನಿಷ್ ಘಾಟು ಮೂಗಿಗೆ ಬಡಿದದ್ದೇ ಕಾಮಗೆರೆಯ ನಮ್ಮ ವಿಮಾನ ಕಾರ್ಖಾನೆ ಕಣ್ಣಮುಂದೆ ಬಂತು.

ಕಾರ್ಖಾನೆ ಎಂದರೆ ಕಾದ ತಗಡಿನ ಸೂರಿನ ರೇಷ್ಮೆ ಹುಳುಮನೆ. ಅರ್ಧದಲ್ಲಿ ಅಮ್ಮನ ಹುಳುಗಳು ಸೊಪ್ಪು ಮೇಯುತ್ತಿದ್ದವು. ಇನ್ನರ್ಧದಲ್ಲಿ ಪಂಪ್‌ಸೆಟ್ ರಿಪೇರಿಯ ಮಹಾವಿಜ್ಞಾನಿ, ನನ್ನ ಚಿಕ್ಕಪ್ಪ, ಬೆವರು ಸುರಿಸುತ್ತಾ ವರ್ಷಗಟ್ಟಲೆ ವಿಮಾನ ಕಟ್ಟುತ್ತಿದ್ದ.

“ಅತ್ಗೆ, ಮೊದ್ಲು ನಿನ್ನೇ ಕೂರುಸ್ಕಂಡು ಬಿಳಿಗಿರಿರಂಗನ ಬೆಟ್ಟ ಸುತ್ತುಸ್ತೀನಿ!”

“ಮೊದ್ಲು ಸೊಪ್ಪು ತಕಂಡು ಬಾ ಓಗಪ್ಪ, ಪೈಲಟ್ಟು!”

ರೆಕ್ಕೆಯ ಬಟ್ಟೆಗೆ ವಾರ್ನಿಷ್ ಬಳಿಯುವ ಉತ್ಸಾಹದಲ್ಲಿ ವಿಜ್ಞಾನಿಗಳು ಒಂದನ್ನು ಮರೆತರು: ರೇಷ್ಮೆ ಹುಳು ಘಾಟು ತಡೆಯದು. ಮಾರನೆಯ ದಿನ ಗೂಡು ಕಟ್ಟಬೇಕಿದ್ದ ಹುಳುಗಳೆಲ್ಲ ಸಂಜೆಯೊಳಗೆ ತಟ್ಟೆಯಲ್ಲೇ ಸತ್ತುಬಿದ್ದವು.

ಅಮ್ಮ ಬಯ್ಯಲಿಲ್ಲ. ಚಿಕ್ಕಪ್ಪನೇ ಗರಗಸ ತಂದು ರೆಕ್ಕೆ ಕೊಯ್ಯಲು ಹೊರಟ. ಅಮ್ಮ ಅವನ ಕೈ ಹಿಡಿದಳು. “ಬ್ಯಾಡ ಕಣಪ್ಪ. ಹುಳ ಸತ್ರೆ ಇನ್ನೊಂದ್ ಬೆಳೆ ಇಡ್ಬೋದು.”

ಅವನು ಕೈ ಬಿಡಿಸಿಕೊಂಡು ಕೊಯ್ದ.

ಮುಂದಿನ ತಿಂಗಳೇ ಹೊಸ ಹುಳು ಬಂದವು. ಚಿಕ್ಕಪ್ಪ ಮತ್ತೆಂದೂ ವಿಮಾನದ ಮಾತೆತ್ತಲಿಲ್ಲ. ಈಗ ಅವನೂ ಇಲ್ಲ.

ನಿನ್ನೆ ಅಂಗಡಿಯಲ್ಲಿ ಅಮ್ಮ ಮಂಚ ನೋಡಲೇ ಇಲ್ಲ. “ಅವತ್ತು ಅವನ ಕೈಯ ಇನ್ನೊಸಿ ಗಟ್ಟಿಯಾಗಿ ಇಡ್ಕಬೇಕಾಗಿತ್ತು ಕಣವ್ವ” ಎಂದಳು.