ಸಾರಿಸದೆ ಬಿಟ್ಟ ಅಂಗಳ

ನಮ್ಮ ಅಡುಗೆಮನೆಯಲ್ಲಿ, ಸಿಂಕಿನ ಬಲಗಡೆಯ ಗೋಡೆಯ ಮೇಲೆ, ಅಂಗೈಯಗಲದ ತೇವದ ಕಲೆಯೊಂದು ಮೂಡಿದೆ. ನಿನ್ನೆ ಬಂದ ಪೇಂಟರು ಅದರ ಮೇಲೆ ಬೆರಳಾಡಿಸಿ, "ಒಂದು ಕೋಟ್ ಹೊಡೆದುಬಿಟ್ರೆ ಕಾಣೋದೇ ಇಲ್ಲ ಮೇಡಂ" ಎಂದ. ಕಾಣದಿರುವುದಕ್ಕೂ ಇಲ್ಲದಿರುವುದಕ್ಕೂ ಇರುವ ಅಂತರವನ್ನು ಅವನಿಗೆ ವಿವರಿಸಲು ಹೊರಟರೆ ನನ್ನ ಕಾಫಿ ಆರಿಹೋಗುತ್ತಿತ್ತು. ಹಾಗಾಗಿ, ಮೊದಲು ಒಣಗಲಿ, ಆಮೇಲೆ ಬಾರಪ್ಪ ಎಂದು ಕಳುಹಿಸಿಬಿಟ್ಟೆ. ಮನೆಗೆ ನೀರು ನುಗ್ಗಿದ್ದನ್ನು ಎಲ್ಲರೂ ಬಣ್ಣಿಸಿ ಬಣ್ಣಿಸಿ ಹೇಳುತ್ತಾರೆ, ನೀವೂ ಕೇಳಿರುತ್ತೀರಿ. ಆದರೆ ಆ ಮನೆ ಆಮೇಲೆ ಹೇಗೆ ಒಣಗಿತು ಎಂದು ಹೇಳುವವರು ಅಪರೂಪ. ಒಣಗುವುದರಲ್ಲಿ ನೋಡುವುದಕ್ಕೇನಿದೆ? ಹಾಗಂದುಕೊಂಡೇ ನಾನೂ ಇಷ್ಟು ವರ್ಷ ಸುಮ್ಮನಿದ್ದೆ.

ಅದು ಎರಡನೇ ಮಹಾಯುದ್ಧದ ಕಾಲ. ನಾನು ಮೈಸೂರಿನ ಕಾನ್ವೆಂಟಿನ ಬೋರ್ಡಿಂಗಿನಿಂದ ರಜೆಗೆಂದು ಮಳವಳ್ಳಿಗೆ ಬಂದಿದ್ದೆ. ನಮ್ಮಪ್ಪ ನಾಲೆಯ ಓವರ್‌ಸೀಯರು. ಸುತ್ತಿನ ಗದ್ದೆಗಳಿಗೆಲ್ಲ ಅಳೆದು ಸುರಿದು ನೀರು ಹಂಚುವ ಮನುಷ್ಯ. ಆ ವರ್ಷ ಮಳೆ ಹುಚ್ಚು ಹಿಡಿದಂತೆ ಹೊಯ್ದು, ಕೆರೆಯ ಕೋಡಿ ಮೀರಿದ ನೀರು ಅಪ್ಪನ ಅಪ್ಪಣೆಯನ್ನೇನೂ ಕಾಯದೆ ನಮ್ಮ ಬೀದಿಗೆ ಇಳಿದು, ಹೊಸ್ತಿಲು ದಾಟಿ, ನಡುಮನೆಯಲ್ಲಿ ಮೊಣಕಾಲುದ್ದ ನಿಂತು, ಮರುದಿನ ಬಂದ ದಾರಿಯಲ್ಲೇ ಹೊರಟುಹೋಯಿತು. ಹೋದದ್ದು ಕಣ್ಣಿಗೆ ಕಾಣುವ ನೀರು ಮಾತ್ರ. ಕಲ್ಲಿನ ತಳಪಾಯದ ಮೇಲೆ ಎದ್ದ ನಮ್ಮ ಮಣ್ಣಿನ ಗೋಡೆಗಳು ತಮ್ಮ ಪಾಲನ್ನು ಒಳಗೆ ಎಳೆದುಕೊಂಡು ಏನೂ ಆಗದವರ ಹಾಗೆ ನಿಂತಿದ್ದವು.

ಎಲ್ಲಕ್ಕಿಂತ ಹೆಚ್ಚು ಕುಡಿದದ್ದು ಮುಂಬಾಗಿಲ ಪಕ್ಕದ ಕೋಣೆ. ಅದೇ ನಮ್ಮ ಮನೆಯ ಬಾಣಂತಿ ಕೋಣೆ. ಜಯಕ್ಕ, ನನ್ನ ಒಬ್ಬಳೇ ಅಕ್ಕ, ಚೊಚ್ಚಲ ಹೆರಿಗೆಗೆಂದು ಮದ್ದೂರಿನಿಂದ ಬರುವವಳಿದ್ದಳು. ಅದೇ ಕೋಣೆಯಲ್ಲಿ ನನ್ನನ್ನು ಹೆತ್ತ ನಮ್ಮಮ್ಮ ಬಾಣಂತಿ ಸನ್ನಿಗೆ ಸಿಕ್ಕಿ, ಜ್ವರ ನೆತ್ತಿಗೇರಿ ತೀರಿಕೊಂಡಿದ್ದಳು. ಸನ್ನಿಗೆ ಕಾರಣ ಕೋಣೆಯ ಥಂಡಿಯಲ್ಲ, ಮುಟ್ಟುವ ಕೈಗಳ ಕೊಳೆ ಎಂದು ನಾನು ಮುಂದೆ ಯಾವುದೋ ಪುಸ್ತಕದಲ್ಲಿ ಓದಿದೆ. ಆದರೆ ನಮ್ಮನ್ನು ಸಾಕಿದ ಅಜ್ಜಿ, ಅಪ್ಪನ ತಾಯಿ, ಪುಸ್ತಕ ಓದಿದವಳಲ್ಲ. ಅಂದು ಆ ಕೋಣೆಯ ನೆಲ ತಣ್ಣಗಿದ್ದದ್ದು ಅವಳ ಅಂಗಾಲಿಗೆ ಇನ್ನೂ ನೆನಪಿತ್ತು. ಜಯಕ್ಕನನ್ನು ಹಸಿಗೋಡೆಯ ಮಗ್ಗುಲಲ್ಲಿ ಮಲಗಿಸುವ ಮಾತೇ ಇರಲಿಲ್ಲ. ಗಂಡನ ಮನೆಯಲ್ಲೇ ಹೆರಲಿ ಎನ್ನಲು ಅಲ್ಲಿ ನೋಡಿಕೊಳ್ಳುವ ಹೆಂಗಸರಿರಲಿಲ್ಲ. ಅಂದರೆ ಕೋಣೆ ಒಣಗಲೇಬೇಕು.

ಅಪ್ಪ ಗೋಡೆಗಳ ಬುಡದ ಗಾರೆಯನ್ನು ಸೊಂಟದೆತ್ತರದವರೆಗೆ ಕೆರೆಸಿ ಮಣ್ಣನ್ನು ಬತ್ತಲೆ ಮಾಡಿಸಿದ, ಸೂರಿನಂಚಿನ ಹೆಂಚುಗಳನ್ನು ತೆಗೆಸಿ ಬೆಳಕಿಗೂ ಗಾಳಿಗೂ ದಾರಿ ಬಿಟ್ಟ, ಕೋಣೆಯ ನಡುವೆ ಇದ್ದಲಿನ ಒಲೆಯಿಟ್ಟು ಕಿಟಕಿ ಬಾಗಿಲುಗಳನ್ನು ಹಾರುಹೊಡೆಸಿದ. ಕಿಟಕಿ ಮುಚ್ಚಿ ಬೆಂಕಿ ಹಾಕಿದರೆ ಬೇಗ ಒಣಗುತ್ತದೆಂಬುದು ಅಜ್ಜಿಯ ವಾದ. ಹಾಗೆ ಮಾಡಿದರೆ ನೆಲದ ನೀರು ಆವಿಯಾಗಿ ಎದ್ದು ತೊಲೆಗೆ ಹತ್ತಿ ಕೂತುಕೊಳ್ಳುತ್ತದೆಂಬುದು ಅಪ್ಪನ ವಾದ. ನಾನು ನಡುವೆ ಬಾಯಿ ಹಾಕಿ, ಸಿಸ್ಟರ್ ಹೇಳಿಕೊಟ್ಟಂತೆ ವೆಂಟಿಲೇಶನ್ ಒಂದಿದ್ದರೆ ಎಲ್ಲ ಸರಿಹೋಗುತ್ತದೆ ಎಂದೆ.

"ಅದ್ಯಾವ್ ದ್ಯಾವ್ರಮ್ಮಿ ಅದು? ಅದ್ಕೂ ಕೋಳಿ ಕುಯ್ಬೇಕಾ?" ಎಂದಳು ಅಜ್ಜಿ.

ಕೋಣೆ ಒಣಗಿತೋ ಇಲ್ಲವೋ ಎಂದು ತಿಳಿಯಲು ಅಜ್ಜಿಗೆ ಅವಳದೇ ಒಂದು ಉಪಾಯವಿತ್ತು. ಡಬ್ಬದಿಂದ ಕರಿಯದ ಅಕ್ಕಿ ಹಪ್ಪಳವೊಂದನ್ನು ತೆಗೆದು ಸಂಜೆ ಆ ಕೋಣೆಯ ಗೂಡಿನಲ್ಲಿ ಇಡುವುದು, ಬೆಳಿಗ್ಗೆ ಎತ್ತಿ ಬಗ್ಗಿಸುವುದು. "ಬಾಗುದ್ರೆ ಅಸಿ, ಮುರುದ್ರೆ ಒಣ" ಎನ್ನುತ್ತಿದ್ದಳು. ಹಪ್ಪಳ ದಿನವೂ ವೀಳ್ಯದೆಲೆಯಂತೆ ಬಾಗುತ್ತಿತ್ತು. ಇಷ್ಟು ಬೆಂಕಿ, ಇಷ್ಟು ಗಾಳಿ ಉಂಡೂ ಗೋಡೆ ಹಟ ಬಿಡದಿರುವುದಕ್ಕೆ ಕಾರಣವೇನೆಂದು ತಲೆ ಕೆಡಿಸಿಕೊಂಡ ಅಪ್ಪ, ಒಂದು ಬೆಳಿಗ್ಗೆ ಹಲ್ಲುಜ್ಜುತ್ತ ಜಗಲಿಗೆ ಬಂದವನು ಹಾಗೆಯೇ ನಿಂತುಬಿಟ್ಟ.

ಅಜ್ಜಿ ಸಗಣಿನೀರು ಹೊಯ್ದು ಅಂಗಳ ಸಾರಿಸುತ್ತಿದ್ದಳು. ಅದರಲ್ಲಿ ಹೊಸದೇನೂ ಇರಲಿಲ್ಲ, ಅದಕ್ಕೇ ಇಷ್ಟು ದಿನ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ನಡುಮನೆಯಿಂದ ಹಿಡಿದು ಹೊಸ್ತಿಲು ದಾಟಿ ಗೋಡೆಯ ಬುಡದುದ್ದಕ್ಕೂ ಅವಳು ದಿನದಿನವೂ ಕೊಡಗಟ್ಟಲೆ ನೀರು ಹೊಯ್ಯುತ್ತಿದ್ದಳು; ನಾವು ಬೆಂಕಿ ಹಾಕಿ ಹೊರಗಟ್ಟಿದ ನೀರು ಬೆಳಗಾಗುವುದರೊಳಗೆ ರಂಗೋಲಿಯ ಸಮೇತ ಒಳಗೆ ಬರುತ್ತಿತ್ತು. ಅಪ್ಪ, ಗೋಡೆ ಆರುವವರೆಗೆ ಸಾರಿಸುವುದನ್ನು ಬಿಡು ಎಂದ.

"ಲೇ ಮಗ, ಮನೆ ಮುಂದ್ಲ ಬರಡು ಬುಡು ಅಂತೀಯಲ್ಲ, ಎಣ ಬಿದ್ದೈತೇನ್ಲಾ ಒಳ್ಗೆ?"

"ಬೀಳಬಾರದು ಅಂತಾನೇ ಹೇಳ್ತಿರೋದು ಕಣವ್ವ."

ನಿಮಗೆ ಗೊತ್ತಿರಬಹುದು, ನಮ್ಮ ಕಡೆ ಸಾವಾದ ಮನೆಯ ಮುಂದೆ ಮಾತ್ರ ಸಗಣಿ ಸಾರಿಸುವುದಿಲ್ಲ, ರಂಗೋಲಿ ಇಡುವುದಿಲ್ಲ. ಅಜ್ಜಿಯ ಕೈಯಿಂದ ಆ ಕೆಲಸ ತಪ್ಪಿದ್ದು ಅಮ್ಮ ಹೋದಾಗ ಒಂದೇ ಸಲ. ಬಸುರಿ ಮೊಮ್ಮಗಳು ಬರುವ ಹೊತ್ತಿಗೆ ತಾನೇ ಸಾವನ್ನು ಕೂಗಿ ಕರೆದಂತೆ ಅಂಗಳವನ್ನು ಒಣಗಲು ಬಿಡುವುದೆಂದರೇನು? ಬಿಡದಿದ್ದರೆ ಥಂಡಿ, ಬಿಟ್ಟರೆ ಅಪಶಕುನ. ಎರಡೂ ಭಯಗಳು ಜಯಕ್ಕನ ಮೇಲಿನ ಪ್ರೀತಿಯಿಂದಲೇ ಹುಟ್ಟಿದ್ದರಿಂದ ಅಜ್ಜಿಗೆ ಯಾವುದನ್ನೂ ಗದರಿಸಿ ಓಡಿಸಲಾಗಲಿಲ್ಲ. ಸಾರಿಸುತ್ತಲೇ ಇದ್ದಳು, ಸ್ವಲ್ಪ ನೀರು ಕಡಿಮೆ ಮಾಡಿ, ಅಪ್ಪ ಏಳುವುದಕ್ಕೆ ಮೊದಲೇ.

ನಡುವೆ ಯಾರದೋ ಮದುವೆಗೆಂದು ಮಂಡ್ಯಕ್ಕೆ ಹೋದ ಅಜ್ಜಿ ಎರಡು ದಿನ ಅಲ್ಲೇ ಉಳಿಯಬೇಕಾಯಿತು. ಆ ಎರಡು ದಿನ ಅಂಗಳಕ್ಕೆ ನೀರು ಬೀಳಲಿಲ್ಲ. ತಿರುಗಿ ಬಂದವಳು ಕಾಲು ತೊಳೆದು ನೇರ ಕೋಣೆಗೆ ಹೋಗಿ ಗೂಡಿನ ಹಪ್ಪಳ ಎತ್ತಿದಳು. ಅದರ ಅಂಚು ಚೂರಾಗಿ ಕೈಗೆ ಬಂತು. ಅಪ್ಪ ಬಾಗಿಲಲ್ಲೇ ಇದ್ದರೂ 'ನಾನು ಹೇಳಿರಲಿಲ್ವಾ' ಎನ್ನಲಿಲ್ಲ. ಅವನ ಎಂಜಿನಿಯರಿಂಗ್‌ಗಿಂತ ಅದು ದೊಡ್ಡದೆಂದು ಈಗಲೂ ನನಗನ್ನಿಸುತ್ತದೆ. ಮರುದಿನ ಬೆಳಿಗ್ಗೆ ಅಜ್ಜಿ ಸಗಣಿನೀರಿನ ಬಕೆಟ್ಟನ್ನು ಬೋರಲು ಹಾಕಿ, ಬೀದಿಗೆ ಬೆನ್ನು ಮಾಡಿ ಕೂತಳು.

ಬೀದಿ ಸುಮ್ಮನಿರುತ್ತದೆಯೇ? ಹೊತ್ತೇರುವ ಮೊದಲೇ ಎದುರುಮನೆಯ ಕೆಂಪಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ಬಂದಳು.

"ಯಾರವ್ವಾ ತೀರ್ಕಂಡೋರು?"

"ಯಾರೂ ಇಲ್ಲ ಕಣಮ್ಮಿ. ಮನೆ ಒಣಗಾಕಿವ್ನಿ."

"ಅದ್ಕೆ ಮುಂದ್ಲ ಯಾಕ್ ಬುಟ್ರಿ?"

"ಒಣಗಾಕಿರೋ ಸೀರೆ ಮ್ಯಾಲೆ ನೀರುಯ್ತೀಯಾ ನೀನು?"

"ಅಯ್ಯೋ, ಅಳ್ಬೇಕಲ್ಲ ಅಂತ ಒಲೆ ಮ್ಯಾಲಿನ್ ಸಾರು ಬುಟ್ಟು ಓಡ್ಬಂದ್ನಲ್ಲವ್ವಾ!"

"ಬಂದಿದ್ಕೆ ಒಂದೀಟು ಅತ್ಬುಟ್ಟೇ ಓಗು. ಮುಂದುಕ್ಕಾಯ್ತದೆ."

ಹೀಗೆ ದಿನಕ್ಕೊಬ್ಬರಿಗೆ ಉತ್ತರ ಹೇಳಿ ಅಜ್ಜಿಯ ನಾಲಿಗೆ ಗೋಡೆಗಿಂತ ಮೊದಲೇ ಒಣಗಿತ್ತು. ಇಷ್ಟಾದರೂ ಒಬ್ಬಳಿಗೆ ಮುಂಚಿತವಾಗಿ ತಿಳಿಸಬೇಕೆಂದು ನಮಗ್ಯಾರಿಗೂ ಹೊಳೆಯಲಿಲ್ಲ ನೋಡಿ. ಯುದ್ಧದಿಂದಾಗಿ ಪೆಟ್ರೋಲು ಸಿಗದೆ ಇದ್ದಲಿನ ಹೊಗೆಯಲ್ಲಿ ಏದುಸಿರು ಬಿಡುತ್ತ ಓಡುವ ಬಸ್ಸಿಳಿದು, ಭಾವನ ಜೊತೆ ಜಟಕಾದಲ್ಲಿ ಬಂದ ಜಯಕ್ಕನ ಕಣ್ಣಿಗೆ ಕಂಡದ್ದು ಹೆಂಚು ಕಿತ್ತ ಸೂರು, ಕೆರೆದ ಗೋಡೆ, ರಂಗೋಲಿಯಿಲ್ಲದ ಧೂಳಿನ ಅಂಗಳ. ಅವಳು ಹಿಂದೊಮ್ಮೆ, ತೀರ ಚಿಕ್ಕವಳಾಗಿದ್ದಾಗ, ಆ ಅಂಗಳವನ್ನು ಹಾಗೆ ಕಂಡಿದ್ದಳು. ಜಟಕಾದ ಮೆಟ್ಟಿಲ ಮೇಲೇ ಕುಸಿದು, "ಅಯ್ಯೋ ನಮ್ಮಜ್ಜೀ, ನನ್ ಬುಟ್ಬುಟ್ಟು ಓಗ್ಬುಟ್ಯಾ!" ಎಂದು ಬೀದಿಗೆಲ್ಲ ಕೇಳುವಂತೆ ಗೋಳಿಟ್ಟಳು.

ಅಜ್ಜಿ ಮುದ್ದೆಕೋಲು ಹಿಡಿದೇ ಹೊರಗೆ ಬಂದಳು.

"ಇಲ್ಲೇ ಇವ್ನಿ ಕಣಮ್ಮಿ! ನಿನ್ ಬಾಣಂತನ ಮಾಡ್ದೆ ನಾನೆಲ್ಗೋಗ್ಲಿ? ಅಳ್ಬ್ಯಾಡ, ಒಟ್ಟೆ ಇಡ್ಕ."

ಜಯಕ್ಕ ಅಳುತ್ತ ನಗುತ್ತ ಇಳಿದಳು. ಅಜ್ಜಿ ಮಾತ್ರ ನಗಲಿಲ್ಲ. ಬಾಯಿಬಿಟ್ಟು ಅತ್ತದ್ದು ಅವಳ ಲೆಕ್ಕದಲ್ಲಿ ಇನ್ನೊಂದು ಅಪಶಕುನ.

ನೋವು ಕಾಣಿಸಿಕೊಂಡ ದಿನ ಕೋಣೆಯ ಎರಡು ಕಡೆ ಇಟ್ಟ ಹಪ್ಪಳಗಳಲ್ಲಿ ಒಂದು ಮುರಿಯಿತು, ಒಂದು ಬಾಗಿತು. ಅಜ್ಜಿ ಮಂಚವನ್ನು ಮುರಿದ ಕಡೆಗೆ ಎಳೆಸಿದಳು. ದೀಪ ಹಚ್ಚುವ ಹೊತ್ತಿಗೆ ಹೆಣ್ಣು ಮಗು ಹುಟ್ಟಿತು. ಕೂಸು ಗಟ್ಟಿಯಾಗಿತ್ತು, ತಾಯಿ ಸುಖವಾಗಿದ್ದಳು, ಆದರೂ ಮನೆಯಲ್ಲಿ ಯಾರೂ ದೊಡ್ಡದಾಗಿ ಸಂತೋಷಪಡಲಿಲ್ಲ. ಅಮ್ಮನೂ ಮೊದಲು ಸುಖವಾಗಿಯೇ ಇದ್ದವಳಲ್ಲವೇ. ಬರಬರುತ್ತ ಕೋಣೆಯ ಮೂಲೆಮೂಲೆಯಲ್ಲೂ ಹಪ್ಪಳ ಪಟ್ಟೆಂದು ಮುರಿಯತೊಡಗಿತು. ಅಪ್ಪ, ಇನ್ನು ಸಾರಿಸಬಹುದು ಕಣವ್ವ ಎಂದ. ಅಜ್ಜಿ ತಲೆಯಾಡಿಸಿದಳು, ಬಕೆಟ್ಟನ್ನು ಮಾತ್ರ ಎತ್ತಲಿಲ್ಲ. ದಿನಾ ಬೆಳಿಗ್ಗೆ ಜಯಕ್ಕನ ಅಂಗಾಲು ಮುಟ್ಟುವಳು, ಹಣೆ ಮುಟ್ಟುವಳು, ಬೋರಲಾದ ಬಕೆಟ್ಟಿನ ಪಕ್ಕದಲ್ಲಿ ಹಾದು ಹೋಗುವಳು.

ಒಂದು ಸಂಜೆ ಜಯಕ್ಕನಿಗೆ ಚಳಿ ಹತ್ತಿತು, ಮೈ ಕಾದಿತು. ಅಪ್ಪ ಆಸ್ಪತ್ರೆಯ ಡಾಕ್ಟರನ್ನು ಕರೆತಂದ. ಅವರು ಮಿಕ್ಸ್‌ಚರ್ ಕೊಟ್ಟು, ನಾಳೆ ಮಧ್ಯಾಹ್ನದೊಳಗೆ ಜ್ವರ ಇಳಿದರೆ ಹೆದರಬೇಕಿಲ್ಲ ಎಂದು ಹೇಳಿ, ಇಳಿಯದಿದ್ದರೆ ಏನೆಂಬುದನ್ನು ಹೇಳದೆ ಹೋದರು. ಮರುದಿನ ಹೊತ್ತು ನೆತ್ತಿಗೆ ಬಂದಾಗ ಜಯಕ್ಕ ಬೆವೆತು ಕಣ್ಣು ಬಿಟ್ಟು, "ಅಸಿವಾಯ್ತದೆ ಅಜ್ಜಿ, ಮೆಣಸಿನ ಸಾರೈತಾ?" ಎಂದಳು. ಅಜ್ಜಿ ಅಂಗಾಲು ಮುಟ್ಟಿದಳು, ಹಣೆ ಮುಟ್ಟಿದಳು, ಮತ್ತೊಮ್ಮೆ ಅಂಗಾಲು ಮುಟ್ಟಿದಳು. ನನಗೆ ಅನ್ನ ಕಲಸಲು ಹೇಳಿ ಎದ್ದು ಹೋದಳು.

ಅನ್ನ ಕಲಸಿ ತಂದಾಗ ಹೊರಗೆ ನೀರಿನ ಸದ್ದು. ಇಣುಕಿದೆ. ಉರಿಬಿಸಿಲಲ್ಲಿ ಅಜ್ಜಿ ಸೀರೆ ಎತ್ತಿ ಕಟ್ಟಿ, ಅಂಗಳದ ಈ ತುದಿಯಿಂದ ಆ ತುದಿಯವರೆಗೆ ಸಗಣಿ ಸಾರಿಸುತ್ತಿದ್ದಳು. ದಾರಿಯಲ್ಲಿ ಹೋಗುತ್ತಿದ್ದ ಹುಲ್ಲುಹೊರೆಯ ಹೆಂಗಸೊಬ್ಬಳು ನಿಂತು, "ಇದೇನಜ್ಜಿ, ಮಟಮಟ ಮಧ್ಯಾನ್ದಲ್ಲಿ ಮುಂದ್ಲ ಸಾರುಸ್ತಾ ಇದ್ದೀಯಾ?" ಎಂದು ಕೇಳಿದಳು.

ಅಜ್ಜಿ ತಲೆಯೆತ್ತಲಿಲ್ಲ.

"ನಮ್ಮನೇಲಿ ಈಗ ಬೆಳಗಾಯ್ತು ಕಣಮ್ಮಿ" ಎಂದಳು.